ಬ್ರಿಕ್ಸ್ ಯಾಕೆ ಏರ್ತಿಲ್ಲ? ವೈನ್ ದ್ರಾಕ್ಷೀಲಿ ಹವಾಮಾನ ಮಾಡಿದ ಎಡವಟ್ಟು ಹುಡುಕೋದು ಹೇಗೆ

ಫೆಬ್ರವರಿ ಬಂತು ಅಂದ್ರೆ ನಂಗೆ ಬರೋ ಫೋನೆಲ್ಲ ಒಂದೇ ರಾಗ. "ಬ್ರಿಕ್ಸ್ 19ಕ್ಕೆ ನಿಂತ್ಬಿಟ್ಟಿದೆ, ಏನ್ ಹೊಡೀಲಿ?" ಬ್ರಿಕ್ಸ್ ಅಂದ್ರೆ ಹಣ್ಣಿನ ರಸದಲ್ಲಿ ಸಕ್ಕರೆ ಶೇಕಡಾ ಎಷ್ಟಿದೆ ಅನ್ನೋ ಅಳತೆ. ಏನ್ ಹೊಡೀಲಿ ಅಂತಾನೇ ಕೇಳ್ತಾರೆ, ಏನಾಗಿದೆ ಅಂತ ಕೇಳೋರು ಕಮ್ಮಿ. ನಾನೂ ಮೊದಲ ಮೂರ್ನಾಲ್ಕು ವರ್ಷ ಹಂಗೇ ಇದ್ದೆ, ಅಂಗಡಿಯವನು ಕೊಟ್ಟ ಡಬ್ಬಿ ಎಲ್ಲಾ ಹೊಡೆದು ನೋಡಿದೀನಿ, ಅವನ ಮಗಳ ಮದುವೆ ಖರ್ಚಲ್ಲಿ ನಂದೂ ಒಂದು ಪಾಲಿದೆ ಅಂತ ಮನೇಲಿ ಆಡ್ಕೋತಾರೆ.

ನಂದು ನಂದಿ ಬೆಟ್ಟದ ಬುಡ, ದೊಡ್ಡಬಳ್ಳಾಪುರದ ಕಡೆ, ಮೂರು ಎಕರೆ ಕ್ಯಾಬರ್ನೆ ಮತ್ತೆ ಶಿರಾಜ್. ಅಪ್ಪನ ಕಾಲದಲ್ಲಿ ಅದೇ ಜಾಗದಲ್ಲಿ ಚಪ್ಪರದ ಮೇಲೆ ಬೆಂಗಳೂರು ಬ್ಲೂ ಇತ್ತು. ಅಕ್ಕನ್ನ ಕೊಟ್ಟಿರೋದು ವಿಜಯಪುರದ ಹತ್ರ ತಿಕೋಟಕ್ಕೆ, ಅಲ್ಲಿ ಭಾವಂದೂ ವೈನ್ ದ್ರಾಕ್ಷಿನೇ. ಹಂಗಾಗಿ ಎರಡೂ ಕಡೆ ಹವಾಮಾನ ದಿನಾ ಫೋನಲ್ಲಿ ಗೊತ್ತಾಗುತ್ತೆ. ನಮ್ಮ ಕಡೆ 900 ಮೀಟರ್ ಎತ್ತರ, ರಾತ್ರಿ ತಂಪು, ಆದ್ರೆ ಹಿಂಗಾರು ಮಳೆ ನವೆಂಬರ್ ಪೂರ್ತಿ ಕಾಟ ಕೊಡುತ್ತೆ, ಬಂಗಾಳ ಕೊಲ್ಲೀಲಿ ಸೈಕ್ಲೋನ್ ಎದ್ರೆ ಡಿಸೆಂಬರಲ್ಲೂ ಬಿಡಲ್ಲ. ಭಾವನ ಕಡೆ 600 ಮೀಟರ್ ಆಸುಪಾಸು, ಮಳೆ ಕಮ್ಮಿ, ಆದ್ರೆ ಮಾರ್ಚ್ ಬಂದ್ರೆ ಬೆಂಕಿ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಫೆಬ್ರವರೀಲಿ ಕಾಣೋ ದೋಷ ಸುಮಾರು ಸಲ ಫೆಬ್ರವರೀದಲ್ಲ. ಗೊನೆ ಕಮ್ಮಿ ಬಂದಿದ್ರೆ ಅದು ಹಿಂದಿನ ಮೇ-ಜೂನ್ ಮೋಡದ ಕೆಲಸ. ಒಂದೇ ಗೊನೇಲಿ ಅರ್ಧ ಕಪ್ಪು ಅರ್ಧ ಹಸಿರು ಇದ್ರೆ ಅದು ಹೂ ಬಿಟ್ಟ ವಾರದ ಮಳೆ. ಹಂಗಾಗಿ ದೋಷ ಹುಡುಕೋನಿಗೆ ಕ್ಯಾಲೆಂಡರ್ ತಾರೀಖಿಗಿಂತ ಪ್ರೂನಿಂಗ್ (ಕಡ್ಡಿ ಕತ್ತರಿಸೋದು) ಆಗಿ ಎಷ್ಟು ದಿನ ಅನ್ನೋ ಲೆಕ್ಕ ಮುಖ್ಯ. ನಮ್ಮ ಕಡೆ ದ್ರಾಕ್ಷಿ ಫ್ರಾನ್ಸಲ್ಲಿ ಮಲಗೋ ಹಂಗೆ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಲ್ಲ, ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿ ಹಾಕ್ತೀವಿ, ಏಪ್ರಿಲಲ್ಲಿ ಒಂದು, ಅದು ಬರೀ ಕಡ್ಡಿ ತಯಾರಿಗೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಲ್ಲಿ ಇನ್ನೊಂದು, ಅದು ಹಣ್ಣಿಗೆ. ಭಾವನ ಕಡೆ ಇದಕ್ಕೆ ಚಾಟ್ನಿ ಅಂತಾರೆ. ಅಕ್ಟೋಬರ್ ಚಾಟ್ನಿ ಆದ ದಿನವೇ ಒಂದನೇ ದಿನ. ಅಲ್ಲಿಂದ ಹೂವಿಗೆ ಹೆಚ್ಚುಕಮ್ಮಿ 40 ದಿನ, ಬಣ್ಣ ತಿರುಗೋಕೆ 80ರಿಂದ 95, ಕೊಯ್ಲಿಗೆ ತಳಿ ನೋಡ್ಕೊಂಡು 120ರಿಂದ 150.

ಬ್ರಿಕ್ಸ್ ನಿಂತಿದೆ ಅಥವಾ ಇಳಿದಿದೆ

ಮೊದಲು ಬ್ರಿಕ್ಸ್ ಅಳೆಯೋ ಮೀಟರ್ ನೋಡಿ. ನಗಬೇಡಿ. ಎರಡು ವರ್ಷದ ಹಿಂದೆ ಭಾವ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ "ತಮ್ಮಾ, ಬ್ರಿಕ್ಸ್ ಒಂದ ದಿನದಾಗ ಎರಡ ಇಳದೈತಿ ನೋಡಪಾ, ಏನ್ ಮಾಡ್ಲಿ" ಅಂದ್ರು. ನಾನು "ಭಾವ, ಗ್ಲಾಸ್ ಒರೆಸಿ ಡಿಸ್ಟಿಲ್ಡ್ ವಾಟರ್ ಒಂದು ಹನಿ ಹಾಕಿ ಸೊನ್ನೆ ತೋರ್ಸುತ್ತಾ ನೋಡ್ರಿ" ಅಂದೆ. ಸೊನ್ನೆಗಿಂತ ಒಂದೂವರೆ ಕೆಳಗೆ ನಿಂತಿತ್ತು, ಮೊಮ್ಮಗ ಅದರ ಸ್ಕ್ರೂ ತಿರುಗಿಸಿ ಆಟ ಆಡಿದ್ದ. ಇನ್ನೊಂದು, ಬೆಳಗ್ಗೆ ಇಬ್ಬನಿ ಇರೋವಾಗ ಕಿತ್ತ ಕಾಯಿ ಹಂಗೇ ಹಿಂಡಿದ್ರೆ ಇಬ್ಬನಿ ನೀರೂ ಸೇರಿ ಓದು ಕಮ್ಮಿ ಬರುತ್ತೆ. ಒಂದಿನ ಬೆಳಗ್ಗೆ ಒಂದಿನ ಮಧ್ಯಾಹ್ನ ಸ್ಯಾಂಪಲ್ ತಗೊಂಡು ಎರಡನ್ನೂ ಹೋಲಿಸೋದೂ ತಪ್ಪು. ಎಲ್ಲಕ್ಕಿಂತ ದೊಡ್ಡ ಮೋಸ ನಮ್ಮ ಕಣ್ಣಿಂದು, ಕೈ ತಾನಾಗೇ ಚೆನ್ನಾಗಿ ಕಾಣೋ ಕಾಯಿ ಕಡೆಗೇ ಹೋಗುತ್ತೆ. ಸಾಲಿನ ಎರಡೂ ಕಡೆಯಿಂದ, ಗೊನೆಯ ಭುಜದಿಂದ ಒಂದು ತುದಿಯಿಂದ ಒಂದು, ಬಿಸಿಲಿನ ಗೊನೆ ನೆರಳಿನ ಗೊನೆ ಎರಡರಿಂದಲೂ, ನೋಡದೇ ಕೀಳಬೇಕು. 200 ಕಾಯಿ ಆದ್ರೆ ನೆಮ್ಮದಿ. ಎಲ್ಲ ಒಟ್ಟಿಗೆ ಕವರಲ್ಲಿ ಹಿಸುಕಿ ಆ ರಸದಿಂದ ಒಂದು ಹನಿ.

ಮೀಟರ್ ಸರಿ ಇದೆ, ಸ್ಯಾಂಪಲ್ಲೂ ಸರಿ ಇದೆ, ಆದ್ರೂ ಇಳಿದಿದೆ. ಈಗ ಮನೆ ಅಡುಗೆ ತಕ್ಕಡಿ ತನ್ನಿ, ಡಿಜಿಟಲ್ ಇದ್ರೆ ಸಾಕು. ಬ್ರಿಕ್ಸ್ ಜೊತೆ 100 ಕಾಯಿ ತೂಕ ಬರೆದಿಡೋ ಅಭ್ಯಾಸ ಯಾರೂ ಮಾಡಲ್ಲ, ಅರ್ಧ ಉತ್ತರ ಅಲ್ಲೇ ಇರುತ್ತೆ.

ನನ್ನ ಕ್ಯಾಬರ್ನೆ ಲೆಕ್ಕದಲ್ಲೇ ಹೇಳ್ತೀನಿ. 100 ಕಾಯಿ 120 ಗ್ರಾಂ, ಬ್ರಿಕ್ಸ್ 22. ಗುಣಿಸಿ ನೂರರಿಂದ ಭಾಗಿಸಿದ್ರೆ ಸುಮಾರು 26.4 ಗ್ರಾಂ ಸಕ್ಕರೆ. ಬೀಜ ಸಿಪ್ಪೆ ತೂಕನೂ ಸೇರಿರೋದ್ರಿಂದ ಕರಾರುವಾಕ್ ಲೆಕ್ಕ ಅಲ್ಲ, ಹೋಲಿಕೆಗೆ ಸಾಕು. ಮಳೆ ಬಂತು. ಮೂರನೇ ದಿನ 100 ಕಾಯಿ 130 ಗ್ರಾಂ, ಬ್ರಿಕ್ಸ್ 20.3. ಗುಣಿಸಿ ನೋಡಿ, ಮತ್ತೆ 26.4. ಅಂದ್ರೆ ಸಕ್ಕರೆ ಎಲ್ಲೂ ಹೋಗಿಲ್ಲ, ಬೇರು ನೀರು ಕುಡಿದು ಕಾಯಿ ಊದಿದೆ ಅಷ್ಟೇ. ಇಲ್ಲಿ ಏನೂ ಹೊಡೆಯೋ ಹಂಗಿಲ್ಲ, ಡ್ರಿಪ್ ಬಂದ್ ಮಾಡಿ, ಸಿಪ್ಪೆ ಒಡೆದಿಲ್ಲ ಅಂದ್ರೆ ಬಿಸಿಲು ಗಾಳಿ ಇರೋ ನಾಲ್ಕೈದು ದಿನ ಕಾಯಿರಿ, ನೀರು ತಾನಾಗೇ ಹೋಗುತ್ತೆ. ಇದರ ಉಲ್ಟಾ ಕೇಸೂ ಇದೆ. ಒಣ ಗಾಳಿ ಹೊಡೆದು 100 ಕಾಯಿ 110 ಗ್ರಾಮಿಗೆ ಇಳಿದು ಬ್ರಿಕ್ಸ್ 24 ತೋರಿಸ್ತು ಅನ್ನಿ, ಗುಣಿಸಿದ್ರೆ ಅದೇ 26.4! ಹಣ್ಣಾಗ್ತಿದೆ ಅಂತ ನಾವು ಖುಷಿ ಪಡ್ತೀವಿ, ನಿಜ ಏನಂದ್ರೆ ಬಾಡ್ತಿದೆ. ಶಿರಾಜ್ ಈ ಆಟ ಜಾಸ್ತಿ ಆಡುತ್ತೆ, ಕೊನೇ ಎರಡು ವಾರ ಸುಕ್ಕಾಗಿ ತೂಕ ಕಳ್ಕೊಳ್ಳುತ್ತೆ, ನಂಬರ್ ಏರಿದೆ ಅಂತ ಕೊಯ್ದ್ರೆ ಬೀಜ ಇನ್ನೂ ಹಸಿರಾಗಿರುತ್ತೆ, ಟನ್ ಲೆಕ್ಕದಲ್ಲಿ ದುಡ್ಡು ತಗೊಳ್ಳೋರಿಗಂತೂ ಎರಡು ಕಡೆಯಿಂದಲೂ ಪೆಟ್ಟು.

ಒಂದು ಫೆಬ್ರವರೀಲಿ ರಾತ್ರಿ ಗುಡುಗಿ ಮಳೆ ಸುರೀತು. ಪಕ್ಕದ ತೋಟದೋರು ಹೆದರಿ ಮಾರನೇ ಬೆಳಗ್ಗೇನೇ ಆಳು ಇಳಿಸಿ ಕೊಯ್ದು ಲೋಡ್ ಕಳ್ಸಿದ್ರು. ವೈನರಿಯವರು ಗೇಟಲ್ಲೇ 19 ತೋರ್ಸಿ ರೇಟ್ ಕಡಿದ್ರು. ನಾನು ಧೈರ್ಯವಂತ ಅಂತ ಕಾದಿದ್ದಲ್ಲ, ಆಳು ಸಿಗಲಿಲ್ಲ. ಐದನೇ ದಿನಕ್ಕೆ ನಂದು 21.5 ಇತ್ತು. ಆ ವರ್ಷದಿಂದಲೇ ತಕ್ಕಡಿ ತೋಟಕ್ಕೆ ಬಂದಿದ್ದು.

ಮೂರನೇ ಕೇಸ್ ನಿಜವಾದ ತಲೆನೋವು. ತೂಕವೂ ಅಷ್ಟೇ, ಬ್ರಿಕ್ಸೂ ಅಷ್ಟೇ, ವಾರ ಆದ್ರೂ ಅಲ್ಲಾಡ್ತಿಲ್ಲ. ಅಂದ್ರೆ ಸಕ್ಕರೆ ತಯಾರೇ ಆಗ್ತಿಲ್ಲ. ಈಗ ಕಾಯಿ ನೋಡೋದು ಬಿಟ್ಟು ಎಲೆ ನೋಡಿ. ಒಂದು ಗೊನೆ ಹಣ್ಣಾಗೋಕೆ ಹತ್ತು ಹನ್ನೆರಡು ಒಳ್ಳೇ ಎಲೆ ಬೇಕು. ನವೆಂಬರ್ ಮಳೇಲಿ ಡೌನಿ ಅನ್ನೋ ಬೂಷ್ಟು ರೋಗ ಬಂದು ಅರ್ಧ ಎಲೆ ಉದುರಿದ್ರೆ ಅದರ ಬಿಲ್ಲು ಫೆಬ್ರವರೀಲಿ ಬರುತ್ತೆ. ಎಲೆ ಇದೆ, ಹಸಿರೂ ಇದೆ ಅಂದ್ರೆ ಮಧ್ಯಾಹ್ನದ ಟೆಂಪರೇಚರ್ ನೋಡಿ, 35 ದಾಟಿ ಒಣ ಗಾಳಿ ಇದ್ರೆ ಎಲೆ ಬಾಯಿ ಮುಚ್ಕೊಂಡು ಕೂತಿರುತ್ತೆ, ಬಿಸಿಲು ಜಾಸ್ತಿ ಇದ್ರೆ ಸಕ್ಕರೆ ಜಾಸ್ತಿ ಅನ್ನೋದು ಒಂದು ಹಂತದ ತನಕ ಮಾತ್ರ. ಅದೂ ಅಲ್ಲ ಅಂದ್ರೆ ಗೊನೆ ಎಣಿಸಿ, ಆಸೆಗೆ ಜಾಸ್ತಿ ಬಿಟ್ಟಿರ್ತೀವಿ, ಹವಾಮಾನದ ಮೇಲೆ ಹಾಕ್ತೀವಿ.

ಮತ್ತೊಂದು ಮಾತು. ಎಲೆ ಕೆಂಪಾಗಿ, ಅಂಚು ಕೆಳಗೆ ಸುರುಳಿ ಸುತ್ತಿ, ನರ ಮಾತ್ರ ಹಸಿರಾಗಿ ಉಳಿದಿದ್ರೆ ಮಳೆ ಮೋಡ ಯಾವುದನ್ನೂ ಬೈಬೇಡಿ. ಅದು ಲೀಫ್‌ರೋಲ್ ವೈರಸ್ ಇರಬಹುದು, ಅಂಥ ಗಿಡ ಪ್ರತಿ ವರ್ಷ ಲೇಟಾಗೇ ಹಣ್ಣಾಗುತ್ತೆ. ಆ ಗಿಡಕ್ಕೆ ರಿಬ್ಬನ್ ಕಟ್ಟಿ ಮುಂದಿನ ವರ್ಷ ಅದೇ ಗಿಡ ಅದೇ ನಾಟಕ ಆಡುತ್ತಾ ನೋಡಿ.

ಬ್ರಿಕ್ಸ್ ಚೆನ್ನಾಗಿದೆ, ಪಿಎಚ್ 3.9 ಬಂದಿದೆ

ಇದು ಭಾವನ ಕಡೆಯ ಕಾಯಿಲೆ. ಪಿಎಚ್ ಹುಳಿಯ ಅಳತೆ, ಹುಳಿ ಕಮ್ಮಿ ಆದಷ್ಟೂ ಅದು ಏರುತ್ತೆ. ಹಣ್ಣಲ್ಲಿ ಎರಡು ಮುಖ್ಯ ಹುಳಿ, ಟಾರ್ಟಾರಿಕ್ ಮತ್ತೆ ಮ್ಯಾಲಿಕ್. ಟಾರ್ಟಾರಿಕ್ ಬಿಸಿಲಿಗೆ ಅಷ್ಟಾಗಿ ಜಗ್ಗಲ್ಲ, ಮ್ಯಾಲಿಕ್ ಮಾತ್ರ ಸೆಕೆಗೆ ಉರಿದು ಹೋಗುತ್ತೆ, ಕಾಯಿ ಅದನ್ನೇ ತಿಂದು ಉಸಿರಾಡುತ್ತೆ, ರಾತ್ರಿನೂ ಬಿಸಿ ಇದ್ರೆ ಎರಡೂ ಹೊತ್ತು ಊಟ. ಅದಕ್ಕೇ ನಂದಿ ಕಡೆ ಜನವರಿ ರಾತ್ರಿ 15 ಡಿಗ್ರಿ ಇರೋದು ನಮಗೆ ದೊಡ್ಡ ಆಸ್ತಿ. ಫೆಬ್ರವರಿ ಕೊನೆಗೆ ಮಧ್ಯಾಹ್ನ 35 ಆದ ಮೇಲೆ ಪಿಎಚ್ ದಿನಾ ಸ್ವಲ್ಪ ಸ್ವಲ್ಪ ಏರುತ್ತೆ, ಬ್ರಿಕ್ಸ್ 22 ತಲುಪೋ ಹೊತ್ತಿಗೆ ಹುಳಿ ಮುಗಿದಿರುತ್ತೆ, ಅಂಥ ರಸದಿಂದ ಮಾಡಿದ ವೈನ್ ಚಪ್ಪೆ, ಬಣ್ಣನೂ ಮಂಕು, ಬೇಗ ಕೆಡುತ್ತೆ.

ಆದ್ರೆ ಸೆಕೆ ಒಂದೇ ಅಪರಾಧಿ ಅಲ್ಲ. ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಮಾಡಿದ ಗಿಡ ಪೊಟ್ಯಾಶ್ ಜಾಸ್ತಿ ಎಳೆಯುತ್ತೆ, ಅದು ಕಾಯಿಗೆ ಸೇರಿ ಪಿಎಚ್ ಏರ್ಸುತ್ತೆ, ಟೇಬಲ್ ದ್ರಾಕ್ಷಿಗೆ ಒಳ್ಳೇ ಬೇರು, ವೈನಿಗೆ ಅಷ್ಟು ಸರಿ ಬರಲ್ಲ, ಅದಕ್ಕೇ ವೈನ್ ತೋಟಕ್ಕೆ 110ಆರ್ ಅನ್ನೋ ಬೇರು ಹಾಕಿ ಅಂತಾರೆ. ಇವೆರಡನ್ನ ಬೇರೆ ಮಾಡೋದು ಹೇಗೆ? ಒಂದೇ ಸಾಲಲ್ಲಿ ಪಶ್ಚಿಮಕ್ಕೆ ಬಿಸಿಲಿಗೆ ಬಿದ್ದ ಗೊನೆ ಒಂದು ಕವರಿಗೆ, ಪೂರ್ವದ ಕಡೆ ಎಲೆ ಮರೆಯ ಗೊನೆ ಇನ್ನೊಂದಕ್ಕೆ. ಪಶ್ಚಿಮದ್ದರ ಪಿಎಚ್ ಮಾತ್ರ ಜಾಸ್ತಿ ಅಂದ್ರೆ ಸೆಕೆ. ಎರಡೂ ಒಂದೇ ತರ ಜಾಸ್ತಿ ಅಂದ್ರೆ ಬೇರು ಮತ್ತೆ ಗೊಬ್ಬರದ ಕಡೆ ಅನುಮಾನ ಪಡಿ. ಪಿಎಚ್ ಮೀಟರ್ ಪಿಎಚ್ 4 ಮತ್ತೆ 7 ಇರೋ ಬಫರ್ ದ್ರಾವಣದಲ್ಲಿ ಸೆಟ್ ಮಾಡಿರ್ಬೇಕು, ಪೇಪರ್ ಪಟ್ಟೀಲಿ 3.5ಕ್ಕೂ 3.8ಕ್ಕೂ ವ್ಯತ್ಯಾಸ ಕಾಣಲ್ಲ.

ಈ ವರ್ಷಕ್ಕೆ ಮಾಡೋದು ಇಷ್ಟೇ, ಬ್ರಿಕ್ಸ್ ಇನ್ನೊಂದು ಏರ್ಲಿ ಅಂತ ಕಾಯೋದು ಬಿಟ್ಟು ಕೊಯ್ಯೋದು, ಟಾರ್ಟಾರಿಕ್ ವೈನರೀಲಿ ಹಾಕ್ಕೋತಾರೆ. ಮುಂದಿನ ವರ್ಷಕ್ಕೆ ಚಾಟ್ನಿ ಹದಿನೈದು ದಿನ ಮುಂಚೆನೇ ಮಾಡಬಹುದು, ಆದ್ರೆ ಅಲ್ಲೊಂದು ಸಿಕ್ಕು ಇದೆ. ಎರಡೂ ಕಡೆ ಸೆಪ್ಟೆಂಬರೇ ವರ್ಷದಲ್ಲಿ ಹೆಚ್ಚು ಮಳೆ ಬೀಳೋ ತಿಂಗಳು. ಬೇಗ ಕತ್ತರಿ ಹಾಕಿದ್ರೆ ಎಳೇ ಚಿಗುರು ಮಳೆಗೆ ಸಿಕ್ಕಿ ಡೌನಿ, ತಡ ಮಾಡಿದ್ರೆ ಹಣ್ಣು ಮಾರ್ಚ್ ಬಿಸಿಲಿಗೆ, ಆಲಿಕಲ್ಲಿಗೆ. 2014ರ ಮಾರ್ಚಲ್ಲಿ ಉತ್ತರ ಕರ್ನಾಟಕ ಮತ್ತೆ ಮಹಾರಾಷ್ಟ್ರದ ಕಡೆ ಬಿದ್ದ ಆಲಿಕಲ್ಲು ನೋಡಿದೋರು ಯಾರೂ ತಡ ಮಾಡೋಕೆ ಒಪ್ಪಲ್ಲ. ನಾನು ಕೇಳಿದ್ರೆ ಡೌನಿಗಾದ್ರೆ ಔಷಧಿ ಇದೆ, ಆಲಿಕಲ್ಲಿಗೆ ಏನಿದೆ ಅಂತೀನಿ, ಆದ್ರೆ ಅದು ನನ್ನ ತೋಟದ ಮಾತು.

ಬಣ್ಣ ಸಮ ಬಂದಿಲ್ಲ

ಇಲ್ಲಿ ಒಂದೇ ಪ್ರಶ್ನೆ: ವ್ಯತ್ಯಾಸ ಎಲ್ಲಿದೆ? ಒಂದೇ ಗೊನೆ ಒಳಗೆ ಕಾಯಿ ಕಾಯಿಗೂ ವ್ಯತ್ಯಾಸ ಇದ್ರೆ ಹೂವಿನ ಹೊತ್ತಲ್ಲಿ ಎಡವಟ್ಟಾಗಿದೆ. ಒಂದೇ ಗಿಡದಲ್ಲಿ ಗೊನೆ ಗೊನೆಗೂ ವ್ಯತ್ಯಾಸ ಇದ್ರೆ ಚಿಗುರು ಹಿಂದೆ ಮುಂದೆ ಒಡೆದಿದೆ. ಗಿಡ ಗಿಡಕ್ಕೂ ವ್ಯತ್ಯಾಸ ಇದ್ರೆ ಮಣ್ಣು, ಡ್ರಿಪ್ ಬ್ಲಾಕ್ ಆಗಿರೋದು, ಇಲ್ಲಾ ಮೇಲೆ ಹೇಳಿದ ವೈರಸ್. ಎಲ್ಲಾ ಕಡೆ ಒಂದೇ ತರ ಮಂಕು ಅಂದ್ರೆ ಸೆಕೆ, ಕಾಯಿ ಸಿಪ್ಪೆ 35 ಡಿಗ್ರಿ ಮೇಲೆ ಬಣ್ಣ ಕಟ್ಟೋಕೆ ಒದ್ದಾಡುತ್ತೆ.

ಮೊದಲನೇದನ್ನ ಖಾತ್ರಿ ಮಾಡ್ಕೊಳ್ಳೋಕೆ ಬ್ಲೇಡ್ ಸಾಕು. ಸಣ್ಣ ಹಸಿರು ಕಾಯಿ ಒಂದು, ದೊಡ್ಡ ಕಪ್ಪು ಕಾಯಿ ಒಂದು ಅಡ್ಡ ಕೊಯ್ದು ಅಂಗೈ ಮೇಲೆ ಇಟ್ಕೊಳ್ಳಿ. ದೊಡ್ಡದರಲ್ಲಿ ಕಂದು ಬೀಜ ಎರಡು ಮೂರು ಇರುತ್ತೆ, ಹಲ್ಲಲ್ಲಿ ಕಡಿದ್ರೆ ಕಟಕ್ ಅನ್ನುತ್ತೆ. ಸಣ್ಣದರಲ್ಲಿ ಬೀಜವೇ ಇಲ್ಲ, ಅಥವಾ ಎಳ್ಳಿನಷ್ಟು ಬೆಳ್ಳಗೆ ಒಂದು ಗುರುತು. ಅಂದ್ರೆ ಆ ಹೂವಿಗೆ ಪರಾಗ ಸರಿಯಾಗಿ ಕೂಡಲಿಲ್ಲ. ಹೂ ಬಿಟ್ಟಾಗ ಮಳೆ ಹಿಡಿದ್ರೆ ಹೂವಿನ ಟೋಪಿ ಉದುರಲ್ಲ, ಪುಡಿ ಒದ್ದೆಯಾಗಿ ಮುದ್ದೆ ಆಗುತ್ತೆ, 15 ಡಿಗ್ರಿಗಿಂತ ಕೆಳಗಿನ ಚಳಿ ಇದ್ರಂತೂ ಕೆಲಸವೇ ನಿಲ್ಲುತ್ತೆ. 2021ರ ನವೆಂಬರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಪೂರ್ತಿ ನೆನೆದು ಮುದ್ದೆಯಾಗಿತ್ತಲ್ಲ, ಕೆರೆಗಳೆಲ್ಲ ಕೋಡಿ ಬಿದ್ದು ಊರವರು ಬಾಗಿನ ಬಿಡ್ತಿದ್ರು, ನಾವು ದ್ರಾಕ್ಷಿಯವರು ಮಾತ್ರ ಹೂ ನೋಡ್ಕೊಂಡು ಅಳ್ತಿದ್ವಿ. ಹಿಂಗೆ ಆದ ಗೊನೆ ಸರಿ ಮಾಡೋಕೆ ಆಗಲ್ಲ. ಬಣ್ಣ ತಿರುಗೋ ಹೊತ್ತಲ್ಲಿ ತೀರಾ ಹಿಂದೆ ಬಿದ್ದ ಗೊನೆ ಕತ್ತರಿಸಿ ಕೆಳಗೆ ಹಾಕಿ, ಹೊಟ್ಟೆ ಉರಿಯುತ್ತೆ, ಆದ್ರೂ ಹಾಕಿ.

ಚಿಗುರು ಹಿಂದೆ ಮುಂದೆ ಆಗಿದ್ರೆ ಡಾರ್ಮೆಕ್ಸ್ (ಚಿಗುರು ಒಟ್ಟಿಗೆ ಒಡೆಯಲಿ ಅಂತ ಕಡ್ಡಿಗೆ ಹಚ್ಚೋ ಔಷಧಿ) ಹಚ್ಚಿದ ದಿನದ ಹವಾಮಾನ ನೋಡಿ. ಹಚ್ಚಿ ಸ್ವಲ್ಪ ಹೊತ್ತಿಗೇ ಮಳೆ ತೊಳೆದ್ರೆ, ಅಥವಾ ತಡವಾಗಿ ನವೆಂಬರ್ ಚಳೀಲಿ ಹಚ್ಚಿದ್ರೆ ಕಡ್ಡಿಯ ಕಣ್ಣು, ಅಂದ್ರೆ ಚಿಗುರೋ ಮೊಗ್ಗು, ಒಂದೇ ಸಲ ಒಡೆಯಲ್ಲ. ಅದನ್ನ ಹಚ್ಚೋರಿಗೆ ಇನ್ನೊಂದು ಮಾತು, ಆ ಔಷಧಿ ಮೈಗೆ ತಾಗಿದ ಮೇಲೆ ಮದ್ಯ ಕುಡಿದ್ರೆ ಮುಖ ಕೆಂಪಾಗಿ ಎದೆ ಹೊಡ್ಕೊಂಡು ಆಸ್ಪತ್ರೆ ಸೇರೋ ಹಂಗಾಗುತ್ತೆ, ಹಿಂದಿನ ದಿನವೂ ಬೇಡ, ಆಮೇಲೆ ಒಂದು ವಾರವೂ ಬೇಡ. ವೈನ್ ದ್ರಾಕ್ಷಿ ಬೆಳೆಯೋನು ವೈನ್ ಮುಟ್ಟಬಾರದ ವಾರ ಅದು.

ಗೊನೆನೇ ಇಲ್ಲ, ಬರೀ ಬಳ್ಳಿ

ಅಕ್ಟೋಬರ್ ಪ್ರೂನಿಂಗ್ ಆಗಿ ಇಪ್ಪತ್ತು ದಿನಕ್ಕೆ ಚಿಗುರು ನೋಡ್ತೀವಿ, ಗೊನೆ ಬರ್ಬೇಕಾದ ಜಾಗದಲ್ಲಿ ಸುರುಳಿ ಬಳ್ಳಿ. ಇದಕ್ಕೆ ಅಕ್ಟೋಬರ್ ಕಾರಣ ಅಲ್ಲ. ಏಪ್ರಿಲ್ ಪ್ರೂನಿಂಗ್ ಆಗಿ 40ರಿಂದ 60ನೇ ದಿನದ ನಡುವೆ ಕಣ್ಣಿನ ಒಳಗೆ ಒಂದು ಸಣ್ಣ ಗಂಟು ಗೊನೆ ಆಗಲಾ ಬಳ್ಳಿ ಆಗಲಾ ಅಂತ ತೀರ್ಮಾನ ಮಾಡುತ್ತೆ. ಬಿಸಿಲು, ಬಿಸಿ ಇದ್ರೆ ಗೊನೆ. ಮೋಡ, ನೆರಳು, ನೀರು ಸಾರಜನಕ ಜಾಸ್ತಿ ಆಗಿ ಗಿಡ ಕೊಬ್ಬಿದ್ರೆ ಬಳ್ಳಿ. ಮೇ ಕೊನೇಲಿ ಮಳೆ ಬೇಗ ಬಂದ ವರ್ಷ ಇದೇ ಆಗೋದು. ಮತ್ತೆ ಮತ್ತೆ ಆಗ್ತಿದ್ರೆ ಸೆಪ್ಟೆಂಬರಲ್ಲೇ ಕಡ್ಡಿ ಲ್ಯಾಬಿಗೆ ಕೊಟ್ಟು ಕಣ್ಣು ಸೀಳಿ ನೋಡಿಸಿ, ಯಾವ ನಂಬರಿನ ಕಣ್ಣಲ್ಲಿ ಗೊನೆ ಇದೆ ಅಂತ ಗೊತ್ತಾದ್ರೆ ಅಲ್ಲೀತನಕ ಕಡ್ಡಿ ಉದ್ದ ಬಿಡಬಹುದು. ಬೆಂಗಳೂರು ಬ್ಲೂ ಬೆಳೆದೋರಿಗೆ ಇದೆಲ್ಲ ಹೊಸದು, ಅದು ವರ್ಷಕ್ಕೆ ಎರಡು ಬೆಳೆ ಕೊಟ್ಟು ದಪ್ಪ ಸಿಪ್ಪೆ ಹೊದ್ದು ಮಳೇಲೂ ನಗ್ತಾ ನಿಂತಿರುತ್ತೆ, ಅದನ್ನ ಕಿತ್ತು ಕ್ಯಾಬರ್ನೆ ಹಾಕಿದಾಗ ಅಪ್ಪ ಮೂರು ತಿಂಗಳು ನನ್ನ ಹತ್ರ ಮಾತಾಡಿರಲಿಲ್ಲ.

ಎಲೆ ಮೇಲೆ ಬಿಳೀದು: ಡೌನಿನಾ, ಬೂದಿನಾ?

ಭಾವನ ಕಡೆ ದಾವಣಿ, ಭೂರಿ ಅಂತಾರೆ. ಔಷಧಿ ಬೇರೆ, ಹವಾಮಾನವೂ ಬೇರೆ, ಆದ್ರೂ ತಪ್ಪು ಹಿಡಿಯೋರು ಜಾಸ್ತಿ. ಬೂದಿ ರೋಗ ಎಲೆ ಮೇಲೆ, ಕಾಯಿ ಮೇಲೆ ವಿಭೂತಿ ಬಳಿದ ಹಂಗೆ ಇರುತ್ತೆ, ಹೆಬ್ಬೆರಳಲ್ಲಿ ಉಜ್ಜಿದ್ರೆ ಬರುತ್ತೆ. ಅದಕ್ಕೆ ಮಳೆ ಬೇಕಾಗಿಲ್ಲ, ಮೋಡ ಮುಚ್ಚಿದ ಒಣ ತಂಪು ದಿನ ಸಾಕು, ಅದಕ್ಕೇ ಡಿಸೆಂಬರ್ ಜನವರೀಲಿ ಬರುತ್ತೆ. ಡೌನಿಗೆ ಎಲೆ ಒದ್ದೆ ಇರಲೇಬೇಕು. ಮೇಲ್ಗಡೆ ಎಣ್ಣೆ ಬಿದ್ದ ಕಾಗದದ ತರ ಹಳದಿ ಮಚ್ಚೆ, ಬಿಳೀದು ಎಲೆಯ ಕೆಳಗೆ. ಅನುಮಾನ ಇದ್ರೆ ಮಚ್ಚೆ ಇರೋ ಎಲೆ ನಾಲ್ಕು ಕಿತ್ತು ಒದ್ದೆ ಟಿಶ್ಯೂ ಜೊತೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ರಾತ್ರಿ ಕತ್ತಲಲ್ಲಿ ಇಡಿ. ಬೆಳಗ್ಗೆ ಬಿಚ್ಚಿದಾಗ ಮಚ್ಚೆಯ ಹಿಂದುಗಡೆ ಹತ್ತಿ ಅರಳಿದ ಹಂಗೆ ಕಂಡ್ರೆ ಡೌನಿ ಜೀವಂತ ಇದೆ, ಇವತ್ತೇ ಹೊಡೀಬೇಕು. ಏನೂ ಕಾಣದೇ ಮಚ್ಚೆ ಕಂದಾಗೇ ಉಳಿದ್ರೆ ಹಳೇ ಗಾಯ ಇರಬಹುದು, ಖಾತ್ರಿಗೆ ಇನ್ನೊಂದು ರಾತ್ರಿ ಇಟ್ಟು ನೋಡಿ, ಸುಮ್ನೆ ದುಡ್ಡು ಸುಡಬೇಡಿ.

ಬೂದಿಗೆ ಗಂಧಕ ಹೊಡೀತೀವಿ, ಸರಿ, ಆದ್ರೆ ಬಿಸಿಲು 32-33 ದಾಟಿದ ದಿನ ಹೊಡೆದ್ರೆ ಕಾಯಿ ಸುಡುತ್ತೆ. ಕೊಯ್ಲು ಹತ್ರ ಬಂದಾಗ ಹೊಡೆದ್ರೆ ಹಣ್ಣಿನ ಮೇಲೆ ಉಳಿದ ಗಂಧಕ ಹುದುಗೋವಾಗ ಕೊಳೆತ ಮೊಟ್ಟೆ ವಾಸನೆ ಕೊಡುತ್ತೆ. ವೈನಲ್ಲಿ ಮೊಟ್ಟೆ ವಾಸನೆ ಬಂತು ಅಂತ ವೈನರಿಯವರು ಫೋನ್ ಮಾಡಿದ್ರೆ ಮೊದಲು ನಿಮ್ಮ ಸ್ಪ್ರೇ ಬುಕ್ ತೆಗೀರಿ.

ಕೊಯ್ಲಿನ ದಿನದ ಎಡವಟ್ಟು

ಕಾಯಿ ಸೀಳಿದ್ರೆ ಕಾಯೋ ಲೆಕ್ಕ ಎಲ್ಲಾ ಮರೆತುಬಿಡಿ. ಗೊನೆ ಮೂಗಿಗೆ ಹಿಡೀರಿ, ವಿನೆಗರ್ ವಾಸನೆ, ಸಣ್ಣ ನೊಣ ಇದ್ರೆ ಆ ಗೊನೆ ಬುಟ್ಟಿಗೆ ಬೇಡ, ಉಳಿದಿದ್ದನ್ನ ಇವತ್ತೇ ಕೊಯ್ಯಿರಿ. ತೋಟದಲ್ಲಿ ಚೆನ್ನಾಗಿದ್ದ ಹಣ್ಣು ವೈನರಿ ಗೇಟಲ್ಲಿ ಕೆಟ್ಟಿದ್ರೆ ಟೈಮ್ ನೋಡಿ: ಬೆಳಗ್ಗೆ ಐದಕ್ಕೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿದ ಹಣ್ಣು ಮುಟ್ಟಿದ್ರೆ ತಣ್ಣಗಿರುತ್ತೆ, ಹನ್ನೊಂದಕ್ಕೆ ಕೊಯ್ದಿದ್ದು ಬಿಸಿ ಇಡ್ಲಿ. ಆ ಬಿಸೀಲಿ ಕ್ರೇಟ್ ತಳದ ರಸ ದಾರೀಲೇ ಹುದುಗೋಕೆ ಶುರು ಮಾಡುತ್ತೆ.

ಇಷ್ಟೆಲ್ಲ ಹುಡುಕೋಕೆ ಒಂದು ನೋಟ್‌ಬುಕ್ ಬೇಕು. ನಂದು ಶಾಲೆ ಮಕ್ಕಳ ಎರಡು ಗೆರೆ ಪುಸ್ತಕ, ಪ್ರತಿ ಸಾಲಲ್ಲಿ ಪ್ರೂನಿಂಗ್ ಆಗಿ ಎಷ್ಟನೇ ದಿನ, ಮಳೆ ಎಷ್ಟು ಮಿಲಿಮೀಟರ್, ಗರಿಷ್ಠ ಕನಿಷ್ಠ, ಎಲೆ ಎಷ್ಟು ಹೊತ್ತಿನ ತನಕ ಒದ್ದೆ ಇತ್ತು. ಮೊಬೈಲ್ ಆಪ್ ಹೇಳೋ ಮಳೆ ಬೇಡ, ಅದು ದೊಡ್ಡಬಳ್ಳಾಪುರ ಟೌನಿಂದು, ನನ್ನ ತೋಟದ ಮೇಲೆ ಬೀಳೋದು ಬೆಟ್ಟ ಹೇಳಿದಷ್ಟು. ಅಗ್ಗದ ಮಳೆ ಮಾಪಕ ಒಂದು ಕಂಬಕ್ಕೆ ಕಟ್ಟಿ. ಥರ್ಮಾಮೀಟರ್ ಎಲ್ಲಿ ನೇತು ಹಾಕಿದೀರ ಅನ್ನೋದನ್ನೂ ನೋಡ್ಕೊಳ್ಳಿ. ಹೋದ ವರ್ಷ ಜನವರೀಲೇ ಭಾವ "41 ಆಗೇತಿ ತಮ್ಮಾ, ಬೆಳಿ ಹೋತ ನೋಡು" ಅಂತ ವಾರಗಟ್ಟಲೆ ಗೋಳಾಡಿದ್ರು, ಸಂಕ್ರಾಂತಿಗೆ ಹೋದಾಗ ನೋಡ್ತೀನಿ, ಅದನ್ನ ಪಂಪ್ ಮನೆಯ ತಗಡಿಗೆ ಮೊಳೆ ಹೊಡೆದು, ಪಶ್ಚಿಮದ ಬಿಸಿಲಿಗೆ ಮುಖ ಮಾಡಿ ನಿಲ್ಸಿದ್ರು. ಕಿತ್ತು ಬೇವಿನ ಮರದ ನೆರಳಲ್ಲಿ ಎದೆ ಎತ್ತರಕ್ಕೆ ಕಟ್ಟಿದ್ವಿ, ಊಟ ಮಾಡ್ಕೊಂಡು ಬರೋಷ್ಟರಲ್ಲಿ 31 ತೋರಿಸ್ತಿತ್ತು.